ಮನೆಯವರೆಲ್ಲ ನೆಟ್ ಬಳಸುವಾಗ ಗೇಮ್ ಲ್ಯಾಗ್ ಆಗುತ್ತಿದೆಯೇ? ಸರಿಪಡಿಸುವ ಹಂತಗಳು, ಸರಿಯಾದ ಸಾಲಿನಲ್ಲಿ

ಪ್ಲಾನ್ 100 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಹಾಕಿದರೆ 94 ಬರುತ್ತದೆ. ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ವ್ಯಾಲೊರಂಟ್ ಗೇಮಿನ ಮುಂಬೈ ಸರ್ವರ್‌ಗೆ ಪಿಂಗ್ (ಡೇಟಾ ಅಲ್ಲಿಗೆ ಹೋಗಿ ಬರಲು ಹಿಡಿಯುವ ಹೊತ್ತು) 30 ಮಿಲಿಸೆಕೆಂಡಿನ ಆಸುಪಾಸು. ಸಂಜೆ ಏಳೂವರೆಗೆ ಅಪ್ಪ ಟಿವಿ ಹಾಕಿ, ಅಕ್ಕ ಆಫೀಸಿನ ಕಾಲ್‌ಗೆ ಕೂತ ಮೇಲೆ ಅದೇ ಪಿಂಗ್ 180, 240, ಮತ್ತೆ 35, ಮತ್ತೆ 300. ಎದುರಾಳಿ ಗೋಡೆ ಮರೆಯಿಂದ ಬಂದದ್ದು ನಿಮಗೆ ಕಾಣುವಷ್ಟರಲ್ಲಿ ಅವನು ಹೊಡೆದು ಮುಗಿಸಿರುತ್ತಾನೆ.

ಇದನ್ನು ಸರಿಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲು ಪ್ಲಾನ್ ಏರಿಸುತ್ತಾರೆ, ಆಮೇಲೆ ಕೊಂಬು ಕೊಂಬಿನ ಆಂಟೆನಾ ಇರುವ ಗೇಮಿಂಗ್ ರೂಟರ್ ತರುತ್ತಾರೆ, ಕೊನೆಗೆ ಆಪರೇಟರಿಗೆ ಫೋನ್ ಮಾಡಿ ಜಗಳ ಆಡುತ್ತಾರೆ. ಲ್ಯಾಗ್ ಎಲ್ಲಿ ಹುಟ್ಟುತ್ತಿದೆ ಎಂದು ಅಳೆಯುವವರೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಐದನೆಯದು ಕೆಲಸ ಮಾಡಿತೋ ಇಲ್ಲವೋ ನಿಮಗೆ ಗೊತ್ತೇ ಆಗುವುದಿಲ್ಲ.

## ಶುರು ಮಾಡುವ ಮುನ್ನ ಒಂದು ಸಣ್ಣ ಲೆಕ್ಕ

ಆಡುವಾಗ ಗೇಮ್‌ಗೆ ಬೇಕಾಗುವ ಡೇಟಾ ತೀರಾ ಕಡಿಮೆ. ಸಾಮಾನ್ಯವಾಗಿ ಒಂದು ಎಂಬಿಪಿಎಸ್ ಕೂಡ ಬೇಡ. ಆದರೆ ಅದರ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಣುಕುಗಳು, ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು. ಮನೆಯಲ್ಲಿ ಯಾರದೋ ಫೋನು ಅಪ್‌ಲೋಡ್ ಲೈನನ್ನು ತುಂಬಿಬಿಟ್ಟರೆ, ಮಿಕ್ಕ ಪ್ಯಾಕೆಟ್‌ಗಳು ರೂಟರಿನೊಳಗೆ ಸಾಲು ನಿಲ್ಲುತ್ತವೆ. ಹಿಟ್ಟಿನ ಗಿರಣಿಯಲ್ಲಿ ಹತ್ತು ಮೂಟೆ ಗೋಧಿ ಇಟ್ಟವರ ಹಿಂದೆ ನೀವು ಒಂದು ಸೇರು ರಾಗಿ ಹಿಡಿದು ನಿಂತ ಹಾಗೆ. ಗಿರಣಿ ಜೋರಾಗಿಯೇ ಓಡುತ್ತಿದೆ, ನಿಮ್ಮ ಪಾಳಿ ಮಾತ್ರ ಬರುತ್ತಿಲ್ಲ.

ಲೆಕ್ಕ ಹಾಕಿ ನೋಡಿ. ರೂಟರಿನ ಬಫರಿನಲ್ಲಿ, ಅಂದರೆ ಈ ಸಾಲು ನಿಲ್ಲುವ ಜಾಗದಲ್ಲಿ, 1 ಮೆಗಾಬೈಟ್ ಡೇಟಾ ಕಾಯುತ್ತಿದೆ ಎಂದುಕೊಳ್ಳೋಣ, ಅಂದರೆ 8 ಮೆಗಾಬಿಟ್. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ ಅದು ಖಾಲಿಯಾಗಲು 0.8 ಸೆಕೆಂಡ್ ಬೇಕು. ನಿಮ್ಮ ಪಿಂಗ್‌ಗೆ 800 ಮಿಲಿಸೆಕೆಂಡ್ ಸೇರಿತು! ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿಯಲ್ಲಿ ಇದು ಕಾಣುವುದಿಲ್ಲ.

## ಬೇಕಾಗುವ ಸಾಮಾನು

ಒಂದು ಲ್ಯಾಪ್‌ಟಾಪ್ ಅಥವಾ ಪಿಸಿ. ರೂಟರಿನಿಂದ ಅದರವರೆಗೆ ಮುಟ್ಟುವ ಕ್ಯಾಟ್6 ನೆಟ್‌ವರ್ಕ್ ಕೇಬಲ್. ಕ್ಯಾಟ್5ಇ ಆದರೂ ಸಾಕು. ರೂಟರಿನ ಅಡ್ಮಿನ್ ಪಾಸ್‌ವರ್ಡ್, ಇದು ಹೆಚ್ಚಾಗಿ ಬಾಕ್ಸಿನ ಅಡಿಯ ಸ್ಟಿಕರ್ ಮೇಲಿರುತ್ತದೆ. ಬರೆದುಕೊಳ್ಳಲು ಒಂದು ಕಾಗದ. ಐದನೆಯ ಹಂತಕ್ಕೆ ಮಾತ್ರ ಬೇರೆ ರೂಟರ್ ಬೇಕಾಗಬಹುದು. ಈಗಲೇ ಆರ್ಡರ್ ಮಾಡಬೇಡಿ.

## ಹಂತ 1: ಲ್ಯಾಗ್ ಎಲ್ಲಿದೆ ಎಂದು ಅಳೆಯಿರಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕಮಾಂಡ್ ಕೊಡಿ. ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನ ಎದುರಿಗೆ 192.168.1.1 ಅಥವಾ 192.168.0.1 ಥರದ ನಂಬರ್ ಇರುತ್ತದೆ. ಅದೇ ನಿಮ್ಮ ರೂಟರಿನ ವಿಳಾಸ.

ಈಗ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ ಮನೆಯ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಕೊಡಿ. ಎರಡರಲ್ಲೂ ಕೊನೆಗೆ ಒಂದು ಸ್ಪೇಸ್ ಬಿಟ್ಟು ಮೈನಸ್ ಚಿಹ್ನೆ ಮತ್ತು ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವ ತನಕ ಪಿಂಗ್ ಓಡುತ್ತಲೇ ಇರುತ್ತದೆ. ಎರಡು ನಿಮಿಷ ಹಾಗೇ ಬಿಡಿ. ಆಮೇಲೆ ಟಿವಿಯಲ್ಲಿ 4ಕೆ ವಿಡಿಯೋ ಹಾಕಿಸಿ, ಒಂದು ಫೋನಿನಿಂದ ದೊಡ್ಡ ವಿಡಿಯೋವನ್ನು ಡ್ರೈವ್‌ಗೆ ಅಪ್‌ಲೋಡ್ ಮಾಡಿಸಿ. ಇನ್ನೆರಡು ನಿಮಿಷ ನೋಡಿ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಕನಿಷ್ಠ, ಗರಿಷ್ಠ, ಸರಾಸರಿ ಅಂಕಿಗಳು, ಎಷ್ಟು ಪ್ಯಾಕೆಟ್ ಕಳೆದುಹೋದವು ಎಂಬ ಲೆಕ್ಕ ಎರಡೂ ಬರುತ್ತವೆ. ಕಾಗದದ ಮೇಲೆ ಬರೆದಿಡಿ.

ದಾವಣಗೆರೆಯಲ್ಲಿ ನನ್ನ ಅತ್ತೆ ಮಗನ ಮನೆಯಲ್ಲಿ ಹೀಗೆ ಅಳೆದಾಗ ರೂಟರಿಗೆ ಸರಾಸರಿ 2, ಗರಿಷ್ಠ 6 ಮಿಲಿಸೆಕೆಂಡ್ ಇತ್ತು. 8.8.8.8ಕ್ಕೆ ಕನಿಷ್ಠ 9, ಗರಿಷ್ಠ 412, ಸರಾಸರಿ 138. ಅವನು ಅದಾಗಲೇ ಪ್ಲಾನನ್ನು 100ರಿಂದ 300ಕ್ಕೆ ಏರಿಸಿ ಎರಡು ತಿಂಗಳಾಗಿತ್ತು.

ಅಂಕಿಗಳನ್ನು ಓದುವುದು ಹೀಗೆ:

- ರೂಟರಿನ ಪಿಂಗ್ ಶಾಂತವಾಗಿದ್ದು, ಹೊರಗಿನದು ಮಾತ್ರ ಬೇರೆಯವರು ಬಳಸುವಾಗ ಜಿಗಿದರೆ ಅದು ಗಿರಣಿ ಸಾಲಿನ ಸಮಸ್ಯೆ. 2, 4 ಮತ್ತು 5ನೆಯ ಹಂತಗಳು ನಿಮಗಾಗಿಯೇ ಇವೆ.
- ರೂಟರಿನ ಪಿಂಗೇ 40, 90, 200 ಎಂದು ಕುಣಿದರೆ ತಪ್ಪು ವೈಫೈಯದು. 3ನೆಯ ಹಂತ ಮುಗಿಯುವ ತನಕ ಮುಂದೆ ಹೋಗಬೇಡಿ.
- ಎಲ್ಲರ ಫೋನು, ಟಿವಿ ಎಲ್ಲ ಆಫ್ ಆಗಿ, ಕೇಬಲ್ ಹಾಕಿದ ಒಂದೇ ಪಿಸಿ ಇದ್ದಾಗಲೂ ಹೊರಗಿನ ಪಿಂಗ್ ಜಿಗಿದರೆ ಅದು ಆಪರೇಟರಿನ ಕಡೆಯದು. ಸೀದಾ 7ಕ್ಕೆ ಹೋಗಿ.
- ಎರಡೂ ಶಾಂತವಾಗಿದ್ದು ಗೇಮ್ ಮಾತ್ರ ತಡವರಿಸಿದರೆ ಪಿಸಿ ಬಿಸಿಯಾಗಿ ಫ್ರೇಮ್ ಬೀಳುತ್ತಿರಬಹುದು, ಅಥವಾ ಗೇಮ್ ನಿಮ್ಮನ್ನು ದೂರದ ಸರ್ವರ್‌ಗೆ ಹಾಕಿರಬಹುದು. ಈ ಬರಹ ಅದಕ್ಕೆ ಉಪಯೋಗಕ್ಕೆ ಬಾರದು.

ಜಿಗಿತದ ಲಯವೂ ಸುಳಿವು ಕೊಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಪಿಂಗ್ ಏರಿ ಮತ್ತೆ ಇಳಿಯುತ್ತಿದ್ದರೆ ಯಾರೋ ವಿಡಿಯೋ ನೋಡುತ್ತಿದ್ದಾರೆ. ವಿಡಿಯೋ ತುಂಡು ತುಂಡಾಗಿ ಬರುತ್ತದೆ, ಒಂದು ತುಂಡು ಇಳಿಸಿ ಸುಮ್ಮನಾಗುತ್ತದೆ, ಮತ್ತೆ ಇನ್ನೊಂದು. ಏರಿದ್ದು ಇಳಿಯದೆ ಹತ್ತು ಹದಿನೈದು ನಿಮಿಷ ಅಲ್ಲೇ ನಿಂತರೆ ಬ್ಯಾಕಪ್ಪೋ, ದೊಡ್ಡ ಡೌನ್‌ಲೋಡೋ ನಡೆದಿದೆ. ರೂಟರಿನ ಪಿಂಗ್‌ನಲ್ಲಿ ಎಲ್ಲೋ ಒಂದೇ ಒಂದು ಜಿಗಿತ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಕೆಲವು ರೂಟರುಗಳು ಪಿಂಗ್‌ಗೆ ಸೋಮಾರಿಯಾಗಿ ಉತ್ತರಿಸುತ್ತವೆ.

## ಹಂತ 2: ಅಪ್‌ಲೋಡ್ ಕಳ್ಳನನ್ನು ಹಿಡಿಯಿರಿ

ಎಲ್ಲರೂ ಅನುಮಾನಿಸುವುದು ಟಿವಿಯನ್ನು. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನ ಸಲ ಕಳ್ಳ ಸಿಕ್ಕಿದ್ದು ಚಾರ್ಜಿಗೆ ಹಾಕಿಟ್ಟ ಫೋನಿನಲ್ಲಿ. ಫೋಟೋ ಬ್ಯಾಕಪ್ ಆನ್ ಆಗಿರುತ್ತದೆ. ಹಗಲೆಲ್ಲ ಮೊಬೈಲ್ ಡೇಟಾದಲ್ಲಿ ಸುಮ್ಮನಿದ್ದ ಫೋನು ಸಂಜೆ ಮನೆಗೆ ಬಂದು ವೈಫೈ ಹಿಡಿದ ಕೂಡಲೇ ಇಡೀ ದಿನದ ಫೋಟೋ, ವಿಡಿಯೋ ಮೇಲೆ ಕಳಿಸಲು ಶುರು ಮಾಡುತ್ತದೆ. ನೀವು ಆಡಲು ಕೂರುವುದೂ ಅದೇ ಹೊತ್ತಿಗೆ. ದಾವಣಗೆರೆಯ ಆ ಮನೆಯಲ್ಲಿ ಅತ್ತೆ ಯಾವುದೋ ಮದುವೆಗೆ ಹೋಗಿ ಬಂದಿದ್ದರು. ಧಾರೆಯಿಂದ ಆರತಕ್ಷತೆಯ ತನಕ ವಿಡಿಯೋ ಮಾಡಿದ್ದರು. ಫೋನು ಫ್ರಿಜ್ಜಿನ ಮೇಲೆ ಚಾರ್ಜ್ ಆಗುತ್ತ ಮೂರು ದಿನದಿಂದ ಅದನ್ನೇ ಕಳಿಸುತ್ತಿತ್ತು.

ಒಂದೊಂದಾಗಿ ನೋಡುತ್ತ ಬನ್ನಿ. ಪ್ರತಿ ಫೋನಿನ ಫೋಟೋ ಬ್ಯಾಕಪ್ ಯಾವಾಗ ನಡೆಯುತ್ತದೆ ನೋಡಿ. ಆಡುವ ಹೊತ್ತಿನಲ್ಲಿ ಅದನ್ನು ನಿಲ್ಲಿಸಿಡಿ. ಕ್ಲೌಡ್‌ಗೆ ಸದಾ ರೆಕಾರ್ಡ್ ಕಳಿಸುವ ಸಿಸಿ ಕ್ಯಾಮೆರಾ ಇದ್ದರೆ, ಚಲನೆ ಕಂಡಾಗ ಮಾತ್ರ ಕಳಿಸುವಂತೆ ಬದಲಿಸಿ, ಇಲ್ಲವೇ ಮೆಮೊರಿ ಕಾರ್ಡಿಗೆ ತಿರುಗಿಸಿ. ಲ್ಯಾಪ್‌ಟಾಪ್‌ಗಳಲ್ಲಿ ಒನ್‌ಡ್ರೈವ್, ಗೂಗಲ್ ಡ್ರೈವ್ ಎರಡರ ಸೆಟ್ಟಿಂಗ್‌ನಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಜಾಗವಿದೆ. ವಿಂಡೋಸ್ ಅಪ್‌ಡೇಟ್‌ನ ಡೆಲಿವರಿ ಆಪ್ಟಿಮೈಸೇಷನ್ ಒಳಗೆ ಹೋಗಿ, ಬೇರೆ ಪಿಸಿಗಳ ಜೊತೆ ಹಂಚಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ; ಅದು ಆನ್ ಇದ್ದರೆ ನಿಮ್ಮ ಪಿಸಿ ಊರವರಿಗೆಲ್ಲ ಅಪ್‌ಡೇಟ್ ಹಂಚುತ್ತಿರಬಹುದು. ಸ್ಟೀಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ವೇಗದ ಮಿತಿ ಹಾಕಬಹುದು, ಇಂಥ ಹೊತ್ತಿಗೇ ಅಪ್‌ಡೇಟ್ ಆಗಲಿ ಎಂದೂ ಹೇಳಬಹುದು.

ಪ್ರತಿಯೊಂದನ್ನು ನಿಲ್ಲಿಸಿದ ಮೇಲೆ ಪಿಂಗ್ ಕಿಟಕಿಯತ್ತ ನೋಡಿ. ಥಟ್ಟನೆ ಇಳಿದರೆ ಕಳ್ಳ ಸಿಕ್ಕ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಒಂದು ಎಚ್ಚರಿಕೆ: ಅಮ್ಮನ ಫೋನಿನ ಬ್ಯಾಕಪ್ಪನ್ನು ಹೇಳದೆ ಕೇಳದೆ ಶಾಶ್ವತವಾಗಿ ಆಫ್ ಮಾಡಬೇಡಿ. ಆ ಫೋನು ನೀರಿಗೆ ಬಿದ್ದ ದಿನ ನಿಮ್ಮ ರ‍್ಯಾಂಕ್ ಯಾರಿಗೂ ನೆನಪಿರುವುದಿಲ್ಲ.

## ಹಂತ 3: ಮನೆಯೊಳಗಿನ ದಾರಿ ಸರಿಮಾಡಿ

ಗೇಮ್ ಆಡುವ ಪಿಸಿಗೆ ಕೇಬಲ್ ಹಾಕಿ. ಇದಕ್ಕೆ ಬದಲಿ ಇಲ್ಲ. ಕೇಬಲ್ ಹಾಕಿದ ಪಿಸಿಯಿಂದ ರೂಟರಿಗೆ ಪಿಂಗ್ 1 ಮಿಲಿಸೆಕೆಂಡಿಗಿಂತ ಕಡಿಮೆ ಬರಬೇಕು. ಸಿಮೆಂಟ್ ಗೋಡೆ ಕೊರೆಯಲು ಮನೆ ಓನರ್ ಬಿಡದಿದ್ದರೆ ಕಿಟಕಿಯ ಸಂದಿಯಿಂದ, ಬಾಗಿಲ ಚೌಕಟ್ಟಿನ ಅಂಚಿನಿಂದ ಎಳೆಯಿರಿ. 100 ಮೀಟರ್ ತನಕ ವೇಗಕ್ಕೆ ತೊಂದರೆಯಿಲ್ಲ. ಕೊಳ್ಳುವಾಗ ಪೂರ್ತಿ ತಾಮ್ರದ ತಂತಿಯೇ ಎಂದು ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಮಡಚಿದ ಕಡೆ ಬೇಗ ತುಂಡಾಗುತ್ತದೆ.

ಹಾಕಿದ ಮೇಲೆ ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 100 ತೋರಿಸುತ್ತಿದ್ದರೆ ಎಂಟು ತಂತಿಗಳಲ್ಲಿ ಯಾವುದೋ ಒಂದರ ಕ್ರಿಂಪ್ (ಕೇಬಲ್ ತುದಿಯ ಪ್ಲಗ್‌ಗೆ ತಂತಿ ಒತ್ತಿ ಕೂರಿಸುವುದು) ಸರಿ ಕೂತಿಲ್ಲ. ಆಡಲು 100 ಧಾರಾಳ ಸಾಕು, ಆದರೆ ಅರ್ಧ ಕೂತ ಕ್ರಿಂಪ್ ಮುಂದೆ ಪ್ಯಾಕೆಟ್ ನುಂಗಲು ಶುರು ಮಾಡುತ್ತದೆ. ತಲೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ.

ನಿಮ್ಮ ಕೋಣೆಗೆ ಕೇಬಲ್ ಎಳೆಯಲು ಆಗುವುದೇ ಇಲ್ಲವೇ? ಹಾಗಾದರೆ ಟಿವಿಗೆ ಎಳೆಯಿರಿ. ರೂಟರ್ ಇರುವುದು ಹೆಚ್ಚಾಗಿ ಟಿವಿ ಪಕ್ಕದಲ್ಲೇ, ಒಂದು ಮೀಟರ್ ತಂತಿ ಸಾಕು. ಗಾಳಿಯಲ್ಲಿ ಅತಿ ಹೆಚ್ಚು ಡೇಟಾ ಎಳೆಯುವ ಸಾಧನ ಕೆಳಗಿಳಿದರೆ ಉಳಿದವರಿಗೆ ಜಾಗ ಸಿಗುತ್ತದೆ. ಈ ಉಪಾಯ ಯಾಕೋ ಯಾರಿಗೂ ಹೊಳೆಯುವುದಿಲ್ಲ.

ವೈಫೈನಲ್ಲೇ ಆಡಬೇಕಾದರೆ 5 ಗಿಗಾಹರ್ಟ್ಸ್ ಹೆಸರನ್ನು ಹಿಡಿಯಿರಿ. ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರಿನ ಮುಂದೆ 5ಜಿ ಎಂದು ಕಾಣುವುದು ಅದೇ. ಸಿಮ್‌ನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಅದು ಗೋಡೆ ದಾಟುವುದರಲ್ಲಿ ದುರ್ಬಲ, ಆದರೆ ಪಕ್ಕದ ಮನೆಗಳ ಗದ್ದಲ ಕಡಿಮೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆ ಆ ಮೂರರಲ್ಲೇ ಕಿತ್ತಾಡುತ್ತಿರುತ್ತವೆ, ಸಾಲದ್ದಕ್ಕೆ ಮೈಕ್ರೊವೇವ್ ಒಲೆಯೂ ಅಲ್ಲೇ ಬಂದು ಕೂರುತ್ತದೆ. ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಅಲ್ಲಿರಲಿ. ರೂಟರನ್ನು ಶೋಕೇಸಿನ ಗಾಜಿನೊಳಗೆ, ಟಿವಿ ಬೆನ್ನಿಗೆ, ಕಬ್ಬಿಣದ ಬೀರು ಪಕ್ಕ ಇಡಬೇಡಿ. ಪ್ಲಗ್‌ಗೆ ಚುಚ್ಚುವ ಅಗ್ಗದ ರಿಪೀಟರ್ ಗೇಮ್‌ಗೆ ಹಿಡಿಸದು. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಮತ್ತೆ ಕೂಗಿ ಹೇಳುವಷ್ಟರಲ್ಲಿ ಹೊತ್ತು ಹೋಗುತ್ತದೆ.

ಮೊದಲ ಹಂತದ ಅಳತೆಯನ್ನು ಮತ್ತೆ ಮಾಡಿ. ರೂಟರಿನ ಪಿಂಗ್ ನೆಟ್ಟಗಾಗಿದ್ದರೆ ಮಾತ್ರ ಮುಂದಕ್ಕೆ.

## ಹಂತ 4: ಲೈನಿನ ನಿಜವಾದ ವೇಗ ಬರೆದುಕೊಳ್ಳಿ

ಬಿಲ್ಲಿನಲ್ಲಿ ಬರೆದ ವೇಗ ಇಲ್ಲಿ ಕೆಲಸಕ್ಕೆ ಬಾರದು. ಕೇಬಲ್ ಹಾಕಿದ ಪಿಸಿಯಿಂದ, ಬೇರೆಲ್ಲ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಓಡಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಮೂರು ಸಲ. ಡೌನ್‌ಲೋಡ್, ಅಪ್‌ಲೋಡ್ ಎರಡರಲ್ಲೂ ಬಂದ ಅತಿ ಕಡಿಮೆ ಅಂಕಿ ಇಟ್ಟುಕೊಳ್ಳಿ. ವೇವ್‌ಫಾರ್ಮ್ ಸೈಟಿನ ಬಫರ್‌ಬ್ಲೋಟ್ ಟೆಸ್ಟನ್ನೂ ಓಡಿಸಿ. ಲೈನ್ ತುಂಬಿದಾಗ ಪಿಂಗ್ ಎಷ್ಟು ಏರಿತು ಎಂದು ಹೇಳಿ ಎ ಪ್ಲಸ್‌ನಿಂದ ಎಫ್ ತನಕ ಗ್ರೇಡ್ ಕೊಡುತ್ತದೆ. ಸಿ, ಡಿ ಬಂದರೆ ಮುಂದಿನ ಹಂತ ಬೇಕೇ ಬೇಕು.

## ಹಂತ 5: ಸಾಲನ್ನು ನಿಮ್ಮ ರೂಟರಿನ ಕೈಗೆ ಕೊಡಿ

ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚು ಜನ ಎಡವುವುದೂ ಇಲ್ಲೇ.

ರೂಟರಿನ ಎಸ್‌ಕ್ಯುಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂಬ ಸೌಲಭ್ಯ ಗಿರಣಿಯವನಿಗೆ ಬುದ್ಧಿ ಹೇಳಿದ ಹಾಗೆ. ಹತ್ತು ಮೂಟೆಯವನದನ್ನು ಪೂರ್ತಿ ಬೀಸಿಯೇ ಮುಂದಿನವರನ್ನು ಕರೆಯುವ ಬದಲು, ಪ್ರತಿಯೊಬ್ಬರಿಂದ ಒಂದೊಂದು ಸೇರು ಸರದಿಯಲ್ಲಿ ತೆಗೆದುಕೊಳ್ಳುತ್ತಾನೆ. ನಿಮ್ಮ ಒಂದು ಸೇರು ಬೇಗ ಮುಗಿಯುತ್ತದೆ, ಮೂಟೆಯವನಿಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆದರೆ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲಬೇಕು, ಆಪರೇಟರಿನ ಪೆಟ್ಟಿಗೆಯಲ್ಲಲ್ಲ. ಅದಕ್ಕಾಗಿಯೇ ವೇಗವನ್ನು ನಿಜವಾದ ಲೈನಿಗಿಂತ ತುಸು ಕಡಿಮೆ ಹಾಕುವುದು.

ಆಪರೇಟರು ಗೋಡೆಗೆ ಹೊಡೆದು ಹೋದ ಫೈಬರ್ ಬಾಕ್ಸಿನಲ್ಲಿ ಸಾಮಾನ್ಯವಾಗಿ ಎಸ್‌ಕ್ಯುಎಂ ಇರುವುದಿಲ್ಲ. ಕ್ಯುಓಎಸ್ ಎಂಬ ಆದ್ಯತೆಯ ಪುಟ ಇದ್ದರೂ ಹೆಚ್ಚಾಗಿ ಅದು ಯಾವ ಸಾಧನ ಮುಂದೆ ಎಂದು ಕೇಳುತ್ತದೆ ಅಷ್ಟೇ. ಒಟ್ಟು ಬ್ಯಾಂಡ್‌ವಿಡ್ತ್ ಹಾಕುವ ಜಾಗವಿದ್ದರೆ ಅದರಲ್ಲೇ ಮೊದಲು ಪ್ರಯತ್ನಿಸಿ. ಇಲ್ಲದಿದ್ದರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ರೂಟರ್ ಬೇಕು, ಅಥವಾ ರೂಟರ್‌ಓಎಸ್ 7 ಓಡುವ ಮೈಕ್ರೊಟಿಕ್ ಕಂಪನಿಯ ರೂಟರ್. ಓಪನ್‌ಡಬ್ಲ್ಯುಆರ್‌ಟಿ ಹಾಕುವುದಾದರೆ ಸ್ಟಿಕರ್ ಮೇಲಿನ ಹಾರ್ಡ್‌ವೇರ್ ವರ್ಷನ್ ನಂಬರನ್ನು ಅವರ ಪಟ್ಟಿಯ ಜೊತೆ ತಾಳೆ ನೋಡಿ. ಮಾಡೆಲ್ ಹೆಸರು ಒಂದೇ ಇದ್ದು ವರ್ಷನ್ ಬೇರೆಯಾದರೆ ತಪ್ಪು ಫೈಲ್ ಹೋಗಿ ರೂಟರ್ ಕೆಲಸಕ್ಕೆ ಬಾರದ ಇಟ್ಟಿಗೆಯಾಗುತ್ತದೆ.

ಜೋಡಿಸುವ ಕ್ರಮ:

1. ಹೊಸ ರೂಟರನ್ನು ಫೈಬರ್ ಬಾಕ್ಸಿಗೆ ಚುಚ್ಚುವ ಮುನ್ನವೇ ಅದರ ಲ್ಯಾನ್ (ಮನೆಯೊಳಗಿನ) ವಿಳಾಸ ಬದಲಿಸಿ. ಓಪನ್‌ಡಬ್ಲ್ಯುಆರ್‌ಟಿಯ ಮೂಲ ವಿಳಾಸ 192.168.1.1, ಬಹಳಷ್ಟು ಫೈಬರ್ ಬಾಕ್ಸುಗಳದ್ದೂ ಅದೇ. ಎರಡೂ ಒಂದೇ ಆದರೆ ನೆಟ್ ಬರುವುದೇ ಇಲ್ಲ. 192.168.10.1 ಎಂದು ಮಾಡಿಕೊಳ್ಳಿ.

2. ಫೈಬರ್ ಬಾಕ್ಸಿನ ಲ್ಯಾನ್ ಪೋರ್ಟಿನಿಂದ ಹೊಸ ರೂಟರಿನ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗೆ ಕೇಬಲ್. ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ (ಬಾಕ್ಸ್ ತಾನು ರೂಟರಾಗದೆ ಲೈನನ್ನು ಸುಮ್ಮನೆ ದಾಟಿಸುವ ಬಗೆ) ಹಾಕಿಕೊಡಲು ಆಪರೇಟರು ಒಪ್ಪಿದರೆ ಒಳ್ಳೆಯದು. ಆಗ ಲೈನಿಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಇಟ್ಟುಕೊಳ್ಳಿ. ಒಪ್ಪದಿದ್ದರೂ ಪಿಂಗ್‌ಗೆ ಹೇಳಿಕೊಳ್ಳುವಷ್ಟು ಪೆಟ್ಟಿಲ್ಲ, ವಾಯ್ಸ್ ಚಾಟ್ ಮಾತ್ರ ಕೆಲವೊಮ್ಮೆ ಸತಾಯಿಸುತ್ತದೆ.

3. ಫೈಬರ್ ಬಾಕ್ಸಿನ ವೈಫೈ ಆಫ್ ಮಾಡಿ. ಇದನ್ನು ಮರೆತವರೇ ಹೆಚ್ಚು. ಟಿವಿ ಹಳೆಯ ವೈಫೈಯನ್ನೇ ಹಿಡಿದು ಕೂತಿದ್ದರೆ ಅದರ ಡೇಟಾ ಹೊಸ ರೂಟರಿನ ಕಣ್ಣಿಗೇ ಬೀಳುವುದಿಲ್ಲ, ನೀವು ಹಾಕಿದ ಮಿತಿಯೆಲ್ಲ ವ್ಯರ್ಥ. ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ಕೊಟ್ಟರೆ ಮನೆಯವರಿಗೆ ಬದಲಾದದ್ದೇ ತಿಳಿಯುವುದಿಲ್ಲ.

4. ಓಪನ್‌ಡಬ್ಲ್ಯುಆರ್‌ಟಿಯ ಸಾಫ್ಟ್‌ವೇರ್ ಪುಟದಲ್ಲಿ ಎಸ್‌ಕ್ಯುಎಂ ಎಂದು ಹುಡುಕಿ, ಲುಸಿ ಆ್ಯಪ್ ಎಂದು ಶುರುವಾಗುವ ಪ್ಯಾಕೇಜ್ ಹಾಕಿ. ಆಮೇಲೆ ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯುಎಂ ಪುಟ ಕಾಣುತ್ತದೆ. ಇಂಟರ್‌ಫೇಸ್ ಜಾಗದಲ್ಲಿ ವ್ಯಾನ್ ಆರಿಸಿ. ನೇರ ಪಿಪಿಪಿಒಇ ಇದ್ದರೆ ಅದರದ್ದು.

5. ವೇಗ ಹಾಕಿ: ಅಳೆದದ್ದರ ಶೇಕಡಾ 85. ಡೌನ್‌ಲೋಡ್ 94, ಅಪ್‌ಲೋಡ್ 40 ಬಂದಿದ್ದರೆ ಸುಮಾರು 80 ಮತ್ತು 34. ಆದರೆ ಆ ಪುಟ ಕೇಳುವುದು ಕಿಲೋಬಿಟ್‌ನಲ್ಲಿ. 80000, 34000 ಎಂದು ಬರೆಯಬೇಕು. ನಾನು ಮೊದಲ ಸಲ ಬರೀ 34 ಎಂದು ಹಾಕಿ, ವಾಟ್ಸ್ಆ್ಯಪ್ ಮೆಸೇಜು ಕೂಡ ಹೋಗದೆ, ಅರ್ಧ ಗಂಟೆ ಕೇಬಲನ್ನು ಬೈದುಕೊಂಡಿದ್ದೆ.

6. ಕ್ಯೂ ಡಿಸಿಪ್ಲಿನ್ ಜಾಗದಲ್ಲಿ ಕೇಕ್, ಸ್ಕ್ರಿಪ್ಟ್ ಜಾಗದಲ್ಲಿ ಪೀಸ್ ಆಫ್ ಕೇಕ್. ಲಿಂಕ್ ಲೇಯರ್ ಪುಟದಲ್ಲಿ ಫೈಬರ್‌ಗೆ ಈಥರ್‌ನೆಟ್ ಆರಿಸಿ ಓವರ್‌ಹೆಡ್ 44 ಕೊಡಿ. ಎನೇಬಲ್ ಟಿಕ್ ಮಾಡಿ ಸೇವ್.

7. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಆಫ್ ಮಾಡಿ. ಅದು ಪ್ಯಾಕೆಟ್‌ಗಳನ್ನು ಹಿಂಬಾಗಿಲಿನಿಂದ ಸಾಗಿಸುತ್ತದೆ, ಎಸ್‌ಕ್ಯುಎಂಗೆ ಸಿಗುವುದಿಲ್ಲ.

ವೇಗ ಕಳೆದುಕೊಳ್ಳುತ್ತೇವಲ್ಲ ಎಂಬ ಸಂಕಟ ಎಲ್ಲರಿಗೂ ಇರುತ್ತದೆ. 94ರ ಬದಲು 80 ಬಂದರೆ ಮನೆಯಲ್ಲಿ ಯಾರಿಗೂ ಗೊತ್ತಾಗದು. 4ಕೆ ವಿಡಿಯೋಗೇ 25 ಎಂಬಿಪಿಎಸ್ ಆಸುಪಾಸಿನಲ್ಲಿ ಸಾಕಾಗುತ್ತದೆ. ನೆನಪಿಡಬೇಕಾದದ್ದು ಇನ್ನೊಂದಿದೆ. ಈ ಕೆಲಸವನ್ನು ರೂಟರಿನ ಸಿಪಿಯು ಮಾಡಬೇಕು. ಹಳೆಯ, ಅಗ್ಗದ ರೂಟರಿಗೆ 300 ಎಂಬಿಪಿಎಸ್ ಹೊರಲು ಆಗುವುದಿಲ್ಲ. ಮಿತಿ 255 ಎಂದು ಹಾಕಿದ್ದರೂ 120ಕ್ಕೇ ನಿಂತರೆ ಸಿಪಿಯು ಸುಸ್ತಾಗಿದೆ ಎಂದರ್ಥ.

ಫೈಬರ್ ಬದಲು ಮೊಬೈಲ್ ಟವರಿನಿಂದ ನೆಟ್ ತರುವ 5ಜಿ ಪೆಟ್ಟಿಗೆ ನಿಮ್ಮಲ್ಲಿದ್ದರೆ ಲೈನಿನ ವೇಗವೇ ಗಂಟೆಗೊಂದು ಥರ ಇರುತ್ತದೆ. ಒಂದೇ ಮಿತಿ ಎಲ್ಲ ಹೊತ್ತಿಗೂ ಹೊಂದದು. ಸಂಜೆಯ ಅತಿ ಕಡಿಮೆ ವೇಗವನ್ನು ಆಧಾರವಾಗಿಟ್ಟು ಮಿತಿ ಹಾಕಿ, ಅದರಲ್ಲೂ ಅಪ್‌ಲೋಡ್‌ಗೆ ಕೈ ಬಿಗಿ ಹಿಡಿಯಿರಿ.

## ಹಂತ 6: ಮತ್ತೆ ಅಳೆಯಿರಿ, ನಿಧಾನವಾಗಿ ಏರಿಸಿ

ಮೊದಲ ಹಂತದ ಪರೀಕ್ಷೆಯನ್ನು ಹಾಗೆಯೇ ಮಾಡಿ: ಅದೇ 4ಕೆ ವಿಡಿಯೋ, ಅದೇ ಅಪ್‌ಲೋಡ್. ಖಾಲಿ ಲೈನಿನ ಪಿಂಗ್‌ಗೂ ತುಂಬಿದ ಲೈನಿನ ಪಿಂಗ್‌ಗೂ ನಡುವೆ 10, 15 ಮಿಲಿಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಷ್ಟರೊಳಗೇ ಇದ್ದರೆ ಮಿತಿಯನ್ನು ಶೇಕಡಾ 5ರಷ್ಟು ಏರಿಸಿ ಮತ್ತೆ ನೋಡಿ. ಪಿಂಗ್ ಜಿಗಿಯಲು ಶುರುವಾದ ಕಡೆ ಒಂದು ಮೆಟ್ಟಿಲು ಇಳಿದು ನಿಲ್ಲಿಸಿ. ಒಂದು ಸಲಕ್ಕೆ ಡೌನ್‌ಲೋಡ್ ಅಥವಾ ಅಪ್‌ಲೋಡ್, ಒಂದನ್ನೇ ಬದಲಿಸಿ. ದಾವಣಗೆರೆಯಲ್ಲಿ 412 ಇದ್ದ ಗರಿಷ್ಠ 24ಕ್ಕೆ ಬಂದು ನಿಂತಿತು, ಅತ್ತೆಯ ಮದುವೆ ವಿಡಿಯೋ ಹೋಗುತ್ತಿರುವಾಗಲೇ.

## ದುಡ್ಡು ನುಂಗುವ ಅಡ್ಡದಾರಿಗಳು

ಡಿಎನ್ಎಸ್ ಬದಲಿಸಿದರೆ ಮ್ಯಾಚಿನೊಳಗಿನ ಪಿಂಗ್ ಇಳಿಯುವುದಿಲ್ಲ. ಸರ್ವರ್ ವಿಳಾಸ ಹುಡುಕಿ ಕೊಟ್ಟಲ್ಲಿಗೆ ಅದರ ಕೆಲಸ ಮುಗಿಯಿತು. ತಿಂಗಳಿಗಿಷ್ಟು ಎಂದು ಕೀಳುವ ಗೇಮ್ ಬೂಸ್ಟರ್, ವಿಪಿಎನ್‌ಗಳು ಆಪರೇಟರಿನ ಸುತ್ತುದಾರಿ ತಪ್ಪಿಸಬಲ್ಲವು ಅಷ್ಟೆ, ನಿಮ್ಮ ಮನೆಯ ಸಾಲನ್ನು ಕರಗಿಸಲಾರವು. ಪ್ಲಾನ್ ಏರಿಸಿದರೆ ಸಾಲು ಬೇಗ ಕರಗುತ್ತದೆ ನಿಜ, ಆದರೆ ಫೋನೂ ಅಷ್ಟೇ ಜೋರಾಗಿ ತುಂಬಿಸುತ್ತದೆ. ಇನ್ನು ಒಟ್ಟು ವೇಗ ಹಾಕದೆ ಬರೀ ನನ್ನ ಪಿಸಿಗೆ ಆದ್ಯತೆ ಎಂದು ಟಿಕ್ ಮಾಡುವುದು. ಸಾಲು ಆಪರೇಟರಿನ ಪೆಟ್ಟಿಗೆಯಲ್ಲಿ ಇರುವಾಗ ನಿಮ್ಮ ರೂಟರಿನ ಆದ್ಯತೆಗೆ ಅಲ್ಲಿ ಬೆಲೆಯಿಲ್ಲ.

## ಹಂತ 7: ತಪ್ಪು ಆಪರೇಟರಿನದಾದರೆ

ಕೇಬಲ್ ಹಾಕಿದ ಒಂದೇ ಪಿಸಿ, ಬೇರೆಲ್ಲ ಆಫ್, ಆದರೂ ರಾತ್ರಿ ಎಂಟರಿಂದ ಹನ್ನೊಂದರ ತನಕ ಪಿಂಗ್ ಕುಣಿಯುತ್ತದೆ, ಬೆಳಗಿನ ಜಾವ ಸರಿ ಇರುತ್ತದೆ ಎಂದಾದರೆ ಬೀದಿಯ ಲೈನೇ ತುಂಬಿದೆ. ಹೊತ್ತಿನ ಲೆಕ್ಕವಿಲ್ಲದೆ ಪ್ಯಾಕೆಟ್ ಕಳೆಯುತ್ತಿದ್ದರೆ ಫೈಬರ್ ಎಲ್ಲೋ ಬಾಗಿದೆ ಅಥವಾ ಜೋಡಣೆ ಸಡಿಲವಾಗಿದೆ. ಬಾಕ್ಸಿನಲ್ಲಿ ಎಲ್‌ಒಎಸ್ (LOS) ಎಂಬ ಕೆಂಪು ದೀಪ ಆಗಾಗ ಮಿನುಗುತ್ತದೆಯೇ ಗಮನಿಸಿ.

ಫೋನ್ ಮಾಡುವಾಗ "ಗೇಮ್ ಲ್ಯಾಗ್ ಆಗ್ತಿದೆ ಅಣ್ಣ" ಎಂದರೆ "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್" ಎಂಬ ಉತ್ತರ ಸಿದ್ಧವಿರುತ್ತದೆ. "ಕೇಬಲ್ ಹಾಕಿದ ಒಂದೇ ಸಿಸ್ಟಮ್ ಇದೆ, ರೂಟರಿಗೆ ಪಿಂಗ್ ಒಂದೇ ಮಿಲಿಸೆಕೆಂಡ್, ಹೊರಗೆ ರಾತ್ರಿ ಒಂಬತ್ತಕ್ಕೆ ನೂರಕ್ಕೆ ನಾಲ್ಕು ಪ್ಯಾಕೆಟ್ ಲಾಸ್, ಸ್ಕ್ರೀನ್‌ಶಾಟ್ ಕಳಿಸ್ತೀನಿ" ಎನ್ನಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮ್ಯಾನ್ ಬಂದು ಬಾಕ್ಸ್ ಬದಲಿಸಿ ಹೋದರೆ ಹೊಸ ಬಾಕ್ಸಿನ ವೈಫೈ ಮತ್ತೆ ಆನ್ ಆಗಿರುತ್ತದೆ. ಅವರು ಗೇಟು ದಾಟುವ ಮೊದಲೇ ಅದನ್ನು ಆಫ್ ಮಾಡಿಸಿ.